ಧ್ಯಾಸ ಅಳೆಯಲು ಕುಳಿತವಳು

ಉಕ್ಕಿದ ಹಾಲು ಒಲೆಯ ಮೇಲೆ ಸೀದಾಗ ಬರುವ ವಾಸನೆ ಚಾಡಿಕೋರ ವಾಸನೆ. ಬಟ್ಟೆಯಿಂದ ಒರೆಸಿ, ನಿಂಬೆಸಿಪ್ಪೆ ಉಜ್ಜಿ, ಕಿಟಕಿ ತೆರೆದಿಟ್ಟರೂ ಮಧ್ಯಾಹ್ನದವರೆಗೂ ಮನೆಯ ಮೂಲೆ ಮೂಲೆಗೆ ಹೋಗಿ ನಮ್ಮ ಹೆಸರು ಹೇಳುತ್ತದೆ. ಇವತ್ತು ಬೆಳಿಗ್ಗೆ ಹಾಗೇ ಆಯಿತು. ಬೀಳಗಿಯಿಂದ ಒಬ್ಬ ತಾಯಿ ಫೋನ್ ಮಾಡಿದ್ದರು. ಮಗನ ಏಕಾಗ್ರತೆ ಎಷ್ಟಿದೆ ಎಂದು ಮೊಬೈಲಿನಲ್ಲೇ ಹೇಳುವ ಯಾವುದೋ ಆಪ್ ಸಿಕ್ಕಿದೆಯಂತೆ, ಅದು ಕೆಂಪು ಬಣ್ಣ ತೋರಿಸಿದೆಯಂತೆ, ರಾತ್ರಿಯಿಡೀ ಅವರಿಗೆ ನಿದ್ದೆ ಇಲ್ಲವಂತೆ. ಬಣ್ಣ ನೋಡಿ ಹೆದರಬೇಡಿ, ಮಗುವನ್ನು ಕರೆತನ್ನಿ, ಮಾತಾಡೋಣ ಎಂದು ಸಮಾಧಾನ ಹೇಳುತ್ತ, ಗಮನ ಎಂಬುದರ ಬಗ್ಗೆ ಸಣ್ಣದೊಂದು ಭಾಷಣವನ್ನೇ ಕೊಟ್ಟೆ. ಭಾಷಣ ಮುಗಿಯುವ ಹೊತ್ತಿಗೆ ಪಾತ್ರೆಯಲ್ಲಿ ಚಹಾಕ್ಕೂ ಸಾಲದಷ್ಟು ಹಾಲು ಉಳಿದಿತ್ತು.

ಪುಣ್ಯಕ್ಕೆ ಅತ್ತೆ ಮನೆಯಲ್ಲಿರಲಿಲ್ಲ. ಇದ್ದಿದ್ದರೆ ಈ ಜಮಖಂಡಿಯ ಮನೆಗೆ ನಾನು ಸೊಸೆಯಾಗಿ ಬಂದ ವರ್ಷದಿಂದ ಕೇಳುತ್ತ ಬಂದ ಮಾತು ಮತ್ತೊಮ್ಮೆ ಕೇಳಬೇಕಿತ್ತು: "ಏನವಾ, ನಿನ್ನ ಧ್ಯಾಸ ಎಲ್ಲೈತಿ?"

ಧ್ಯಾಸ ಎಂಬ ಮಾತಿಗೆ ಸಮನಾದದ್ದು ನಾನು ಓದಿದ ಮನಶ್ಶಾಸ್ತ್ರದ ಪುಸ್ತಕಗಳಲ್ಲಿ ಸಿಕ್ಕಿಲ್ಲ. ಗಮನ, ಲಕ್ಷ್ಯ, ನೆನಪು, ಎಚ್ಚರ ನಾಲ್ಕನ್ನೂ ಕೂಡಿಸಿ ಕುಟ್ಟಿದರೆ ಬರುವ ಪುಡಿ ಅದು. ನನ್ನಲ್ಲಿ ಆ ಪುಡಿಯ ಕೊರತೆ ಹುಟ್ಟಿನಿಂದಲೇ ಇತ್ತು. ಇದರಲ್ಲಿ ಹೆಚ್ಚು ನಾಚಿಕೆಯ ಸಂಗತಿಯೆಂದರೆ ನಾನು ಹುಟ್ಟಿದ್ದು ಮುಧೋಳದಲ್ಲಿ. ನಮ್ಮೂರ ಬೇಟೆನಾಯಿ ಒಮ್ಮೆ ಮೊಲದ ಮೇಲೆ ಕಣ್ಣಿಟ್ಟಿತೆಂದರೆ ನಡುವೆ ಮದುವೆಯ ಮೆರವಣಿಗೆ ಹಾದರೂ ಕಣ್ಣು ಕದಲಿಸುವುದಿಲ್ಲ ಎಂದು ನನ್ನ ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಹೇಳಿ ಮುಗಿಸಿ ನನ್ನ ಕಡೆ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಅದೇ ಊರಿನ ನೀರು, ಅದೇ ಊರಿನ ಗಾಳಿ. ನಾಯಿಗೆ ದಕ್ಕಿದ್ದು ಮಗಳಿಗೆ ದಕ್ಕಲಿಲ್ಲ.

ಇಂಥವಳಿಗೆ ಸಿಕ್ಕ ಕೆಲಸ ಯಾವುದು ಗೊತ್ತೇ? ಮಕ್ಕಳ ಗಮನ ಅಳೆಯುವುದು.

ಸುಮಾರು ಹತ್ತು ವರ್ಷದ ಹಿಂದಿನ ಮಾತು. ಜಮಖಂಡಿಯಲ್ಲಿ ಮಕ್ಕಳ ಮನೋವೈದ್ಯರೊಬ್ಬರು ದವಾಖಾನೆ ತೆರೆದರು. ವಯಸ್ಸಾದವರು, ಮೆಲುಮಾತಿನವರು. ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿ ಮನೆಯಲ್ಲಿ ಕುಳಿತಿದ್ದ ನನ್ನನ್ನು ಸಹಾಯಕಿಯಾಗಿ ಕರೆದುಕೊಂಡರು. ಮಹಡಿಯ ಮೇಲಿನ ಒಂದು ಸಣ್ಣ ಕೋಣೆ, ಒಂದು ಮೇಜು, ಒಂದು ಲ್ಯಾಪ್‌ಟಾಪು. ಅದರೊಳಗೆ ಒಂದು ಪರೀಕ್ಷೆ. ಪರದೆಯ ಮೇಲೆ ಒಂದೊಂದೇ ಚಿತ್ರ ಬಂದು ಮಾಯವಾಗುತ್ತದೆ: ಛತ್ರಿ, ಮೀನು, ಲಾಟೀನು, ಗುಬ್ಬಿ. ಚಿತ್ರ ಬಂದಾಗಲೆಲ್ಲ ಮಗು ಒಂದು ಗುಂಡಿ ಒತ್ತಬೇಕು. ಬೆಕ್ಕು ಬಂದಾಗ ಮಾತ್ರ ಒತ್ತಬಾರದು. ಇಷ್ಟೇ. ಈ ಇಷ್ಟೇ ಎಂಬುದು ಕಾಲು ಗಂಟೆಯವರೆಗೆ ನಡೆಯುತ್ತದೆ. ಬಹುಮಾನವಿಲ್ಲ, ಗಂಟೆ ಬಾರಿಸುವುದಿಲ್ಲ, ಯಾರೂ ಶಹಬ್ಬಾಸ್ ಅನ್ನುವುದಿಲ್ಲ. ಬೇಸರವೇ ಅದರ ಮರ್ಮ. ಬೇಸರದ ನಡುವೆ ಮಗುವಿನ ಗಮನ ಎಷ್ಟು ಹೊತ್ತು ನಿಲ್ಲುತ್ತದೆ, ಎಲ್ಲಿ ಜಾರುತ್ತದೆ, ಜಾರಿದ್ದು ಮತ್ತೆ ಯಾವಾಗ ಹಿಂದಿರುಗುತ್ತದೆ ಎಂಬುದನ್ನು ಯಂತ್ರ ಗೆರೆ ಎಳೆದು ತೋರಿಸುತ್ತದೆ. ಒತ್ತಬೇಕಾದಾಗ ಒತ್ತದೆ ಬಿಟ್ಟದ್ದು ಒಂದು ಕಡೆ, ಒತ್ತಬಾರದಾಗ ಅವಸರಪಟ್ಟು ಒತ್ತಿದ್ದು ಇನ್ನೊಂದು ಕಡೆ.

ಡಾಕ್ಟರು ಮೊದಲ ದಿನವೇ ನನಗೆ ಎಚ್ಚರಿಕೆ ಹೇಳಿದ್ದರು. "ಇದು ಸಾಕ್ಷಿ ಅಷ್ಟ ನೋಡವಾ, ತೀರ್ಪಲ್ಲ. ಸಾಲಿಯವರನ್ನ ಕೇಳಬೇಕು, ಮನಿಯವರನ್ನ ಕೇಳಬೇಕು, ಕೂಸಿನ್ನ ಕೇಳಬೇಕು." ನಾನು ತಲೆಯಾಡಿಸಿದೆ. ಆ ಮಾತಿನ ಅರ್ಧ ನನ್ನ ಕಿವಿಗೆ ಬಿದ್ದಿರಬೇಕು. ಉಳಿದರ್ಧ ಹೊತ್ತು ನಾನು ಆ ಲ್ಯಾಪ್‌ಟಾಪಿನ ಮುಂದೆ ಎಷ್ಟು ಗಂಭೀರವಾಗಿ ಕಾಣುತ್ತೇನೆ ಎಂದು ಯೋಚಿಸುತ್ತಿದ್ದೆ. ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಮಗುವಿನ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು, ಉಸಿರೂ ಕೇಳಿಸದಂತೆ ಕುಳಿತುಕೊಳ್ಳುವುದನ್ನು ಮನೆಯ ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿ, ನೆರೆಮನೆಯವರಿಗೆ ಕೇಳಿಸುವಂತೆ, ಮಂದಿ ಮಕ್ಕಳ ಧ್ಯಾಸ ಅಳೆಯಲು ಹೊರಟವಳಿಗೆ ತನ್ನ ಸೀರೆಯ ಸೆರಗು ಬಾಗಿಲಿಗೆ ಸಿಕ್ಕಿದ್ದು ತಿಳಿಯುವುದಿಲ್ಲ ಎಂದರು. ನೋಡಿಕೊಂಡೆ. ಸಿಕ್ಕಿತ್ತು.

ಆ ವರ್ಷದ ಬೇಸಿಗೆಗೆ ಮುಂಚೆ ಬನಹಟ್ಟಿಯ ಮಲ್ಲಪ್ಪ ಎಂಬವರು ಮಗನನ್ನು ಕರೆದುಕೊಂಡು ಬಂದರು. ಮನೆಯಲ್ಲೇ ನಾಲ್ಕು ವಿದ್ಯುತ್ ಮಗ್ಗ ಹಾಕಿಕೊಂಡು ಸೀರೆ ನೇಯಿಸುವ ಜನ. ಮಗ ಬಸು ಮೂರನೆಯ ತರಗತಿ. ದವಾಖಾನೆಗೆ ಕಾಲಿಟ್ಟ ಸ್ವಲ್ಪ ಹೊತ್ತಿನಲ್ಲೇ ತೂಕದ ಯಂತ್ರದ ಮೇಲೆ ಹತ್ತಿ ಕುಣಿದ, ಮೀನಿನ ತೊಟ್ಟಿಯಲ್ಲಿ ಕೈ ಹಾಕಿದ, ಡಾಕ್ಟರ ಕುರ್ಚಿಯಲ್ಲಿ ಕುಳಿತು ಗಿರಗಿರ ತಿರುಗಿದ. ಮಲ್ಲಪ್ಪನವರು ಸೋತ ದನಿಯಲ್ಲಿ ಹೇಳಿದರು: "ಇಂವಾ ಒಂದ ಕಡೆ ಕುಂದ್ರಂಗಿಲ್ಲರಿ. ಸಾಲ್ಯಾಗಿಂದ ದಿನಾ ಫೋನ ಬರತಾವು."

ಅವರ ಜೊತೆ ಮಗಳೂ ಬಂದಿದ್ದಳು. ಶಿವಲೀಲಾ, ಆರನೆಯ ತರಗತಿ. ತಮ್ಮನ ನೀರಿನ ಬಾಟಲಿ ಹಿಡಿದುಕೊಳ್ಳಲು, ಅವನು ಓಡಿದರೆ ಹಿಡಿಯಲು ಬಂದವಳು. ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕುಳಿತವಳು ಕುಳಿತೇ ಇದ್ದಳು. ಅವಳ ಬಗ್ಗೆ ಡಾಕ್ಟರು ಏನೋ ಕೇಳಿದಾಗ ಮಲ್ಲಪ್ಪನವರು, ಅವಳದೇನೂ ತಕರಾರಿಲ್ಲ, ಕುಳಿತುಕೋ ಅಂದಲ್ಲಿ ಕುಳಿತುಕೊಳ್ಳುತ್ತಾಳೆ, ತಲೆ ಮಾತ್ರ ಓಡುವುದಿಲ್ಲ, ಏಳನೆಯದು ಮುಗಿದರೆ ಶಾಲೆ ಬಿಡಿಸಿ ಮನೆಯಲ್ಲೇ ಮಗ್ಗದ ಕಂಡಿಕೆ ಕೊಳವೆಗೆ ನೂಲು ಸುತ್ತಲು ಕೂರಿಸುತ್ತೇವೆ ಎಂದು ಅವಳೆದುರಿಗೇ ಹೇಳಿದರು. ಕೆಟ್ಟ ದನಿಯಲ್ಲಿ ಹೇಳಿದ್ದಲ್ಲ. ಮಳೆ ಬರುವ ಹಾಗಿದೆ ಅನ್ನುವಂತೆ ಹೇಳಿದರು. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

ಬಸುವನ್ನು ಮಹಡಿಗೆ ಕರೆದೊಯ್ದು ಪರೀಕ್ಷೆಗೆ ಕೂರಿಸಿದೆ. ಬಾಟಲಿ ಹಿಡಿದು ಶಿವಲೀಲಾಳೂ ಹತ್ತಿಬಂದಳು. ಗೆರೆ ಡೊಂಕು ಡೊಂಕಾಗಿ ಬರುತ್ತದೆ ಎಂದು ಮೊದಲೇ ತೀರ್ಮಾನಿಸಿ, ವರದಿಯ ಮೊದಲ ಸಾಲನ್ನು ಮನಸ್ಸಿನಲ್ಲಿ ಬರೆದೂ ಆಗಿತ್ತು. ಹುಡುಗ ಕಾಲು ಅಲ್ಲಾಡಿಸುತ್ತ, ಮೂಗು ಕೆರೆಯುತ್ತ, ಒಂದು ಚಿತ್ರವನ್ನೂ ಬಿಡದೆ ಹೊಡೆದ. ಬೆಕ್ಕು ಬಂದಾಗ ಕೈ ಮೇಲೆತ್ತಿ ಅದಕ್ಕೆ ಹಲ್ಲು ಕಿರಿದ. ಗೆರೆ ನೂಲು ಹಿಡಿದಂತೆ ನೆಟ್ಟಗಿತ್ತು.

ಶಾಲೆಯವರಿಗೆ ಕಳಿಸುವ ಪ್ರಶ್ನೆಗಳನ್ನು ಡಾಕ್ಟರು ಕೆಳಗೆ ಬರೆದುಕೊಳ್ಳುತ್ತಿದ್ದರು. ಬಸು ಕೆಳಗೆ ಇಳಿದು ಅವರ ಕೋಣೆಗೆ ಓಡಿದ. ಮಹಡಿಯಲ್ಲಿ ಶಿವಲೀಲಾ ಒಬ್ಬಳೇ ಉಳಿದಳು. ಸುಮ್ಮನೆ ಕುಳಿತ ಮಗುವನ್ನು ಕಂಡರೆ ಏನಾದರೂ ಕೊಡಬೇಕೆನಿಸುತ್ತದೆ. ನನ್ನಲ್ಲಿ ಚಾಕಲೇಟು ಇರಲಿಲ್ಲ. ನೀನೂ ಆಡುತ್ತೀಯಾ ಎಂದು ಕೇಳಿದೆ.

ಅವಳು ಚೆನ್ನಾಗಿಯೇ ಶುರುಮಾಡಿದಳು. ಛತ್ರಿ, ಮೀನು, ಲಾಟೀನು. ಆಮೇಲೆ ಗುಂಡಿಯ ಸದ್ದು ನಿಂತಿತು. ಬಗ್ಗಿ ನೋಡಿದೆ. ಬೆರಳು ಗುಂಡಿಯ ಮೇಲಿತ್ತು, ಕಣ್ಣು ಪರದೆಯ ಮೇಲಿತ್ತು, ಚಿತ್ರಗಳು ಬಂದು ಬಂದು ಹೋಗುತ್ತಿದ್ದವು. ಮುಖದಲ್ಲಿ ಸಣ್ಣ ನಗೆ. ಸ್ವಲ್ಪ ಹೊತ್ತಿಗೆ ಬೆಚ್ಚಿದವಳಂತೆ ಟಪಟಪ ಒತ್ತಿದಳು, ಬೆಕ್ಕಿಗೂ ಒತ್ತಿದಳು, ಮತ್ತೆ ನಿಂತಿತು. ಮುಗಿದಾಗ ಗೆರೆಯ ನಡುನಡುವೆ ಇಲಿ ಕಡಿದ ಬಟ್ಟೆಯಂತೆ ಖಾಲಿ ಖಾಲಿ.

ನನಗೆ ಹೊಳೆದದ್ದು ಒಂದೇ. ಗುಂಡಿ ಕೆಟ್ಟಿದೆ. ಇಷ್ಟು ಶಾಂತವಾಗಿ, ಇಷ್ಟು ವಿಧೇಯವಾಗಿ ಕುಳಿತ ಹುಡುಗಿಯ ಗೆರೆ ಹೀಗಿರಲು ಸಾಧ್ಯವೇ ಇಲ್ಲ! ಅವರೆಲ್ಲ ಹೋದ ಮೇಲೆ ಗುಂಡಿಯನ್ನು ಊದಿದೆ, ಹತ್ತಿಯಿಂದ ಒರೆಸಿದೆ. ಸರಿಹೋಯಿತೋ ನೋಡೋಣವೆಂದು ನಾನೇ ಪರೀಕ್ಷೆಗೆ ಕುಳಿತೆ. ಕೆಳಗಿನ ರಸ್ತೆಯಲ್ಲಿ ಯಾರೋ ದಾಳಿಂಬೆ ಮಾರುತ್ತ ಹೋದ. ದಾಳಿಂಬೆಯಿಂದ ನನಗೆ ನನ್ನ ಸೋದರತ್ತೆಯ ನೆನಪಾಯಿತು, ಅವರಿಂದ ಅವರ ಮಗಳ ಮದುವೆಯ, ಮದುವೆಯಿಂದ ನಾನಿನ್ನೂ ಹಿಂದಿರುಗಿಸದ ಅವರ ಹಿತ್ತಾಳೆ ಪರಾತದ. ಪರೀಕ್ಷೆ ಮುಗಿದು ಗೆರೆ ಬಂದಾಗ ನನಗೆ ಗೆದ್ದಷ್ಟು ಸಂತೋಷ. ಅದೂ ಇಲಿ ಕಡಿದ ಬಟ್ಟೆ. ಎರಡು ಸಲ ಹೀಗೆ ಆಯಿತೆಂದರೆ ಯಂತ್ರ ಕೆಟ್ಟಿದೆ ಎಂಬುದಕ್ಕೆ ಬೇರೆ ಪುರಾವೆ ಯಾಕೆ? ಕೆಳಗೆ ಹೋಗಿ ಡಾಕ್ಟರಿಗೆ ಹೇಳಿದೆ. ರಿಪೇರಿಗೆ ಕಳಿಸಬೇಕು ಎಂದೂ ಸೇರಿಸಿದೆ.

ಡಾಕ್ಟರು ಮೇಲೆ ಬಂದರು. ಕನ್ನಡಕ ಒರೆಸಿಕೊಂಡು ಕುಳಿತು, ಆ ಕಾಲು ಗಂಟೆಯ ಬೇಸರವನ್ನು ಮೊದಲಿನಿಂದ ಕೊನೆಯವರೆಗೆ ಅನುಭವಿಸಿದರು. ಅವರ ಗೆರೆ ನೆಟ್ಟಗೆ ಬಂತು. ನನ್ನ ಗೆರೆಯನ್ನೂ ಶಿವಲೀಲಾಳ ಗೆರೆಯನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ಮಷೀನ ಬರೋಬರಿ ಐತಿ," ಎಂದರು. "ನೀ ಸಣ್ಣಾಕಿದ್ದಾಗ ಹೆಂಗಿದ್ದಿ, ಹೇಳ."

ನಗುತ್ತಲೇ ಹೇಳಲು ಶುರುಮಾಡಿದೆ. ಶಾಲೆಯಿಂದ ನಮ್ಮನ್ನು ಚಿಕ್ಕಪಡಸಲಗಿಗೆ ಕರೆದೊಯ್ದಿದ್ದರು, ರೈತರೇ ಕೂಡಿ ಕೃಷ್ಣೆಗೆ ಕಟ್ಟಿದ ಬ್ಯಾರೇಜು ತೋರಿಸಲು. ಎಲ್ಲರೂ ಆ ಬಗ್ಗೆ ಒಂದು ಪುಟ ಬರೆದರು. ನಾನು ಬರೆದದ್ದು ಹಿನ್ನೀರಿನಲ್ಲಿ ಕಣ್ಣು, ಕೊಂಬು ಮಾತ್ರ ಕಾಣುವಂತೆ ಈಜುತ್ತಿದ್ದ ಒಂದು ಎಮ್ಮೆಯ ಬಗ್ಗೆ. ಬ್ಯಾರೇಜು ಎಲ್ಲಿ ಎಂದು ಗುರುಗಳು ಕೇಳಿದರೆ, ಎಮ್ಮೆಯ ಹಿಂದೆ ಇರಬೇಕು ಎಂದಿದ್ದೆ. ಹೀಗೆ ಒಂದೊಂದೇ ಹೇಳುತ್ತ ಹೋದೆ: ಬಸ್ಸಿನಲ್ಲಿ ಬಿಟ್ಟುಬಂದ ಛತ್ರಿಗಳು, ಅರ್ಧ ಬರೆದು ಎದ್ದುಬಂದ ಪರೀಕ್ಷೆ, ಕೇಳುತ್ತಿದ್ದೇನೆಂದು ತಲೆಯಾಡಿಸುತ್ತಲೇ ಕಳೆದುಕೊಂಡ ಮಾತುಗಳು. ಡಾಕ್ಟರು ನಗಲಿಲ್ಲ. ಹೇಳುತ್ತ ಹೇಳುತ್ತ ನನ್ನ ನಗೆಯೂ ತೆಳುವಾಗುತ್ತ ಬಂತು. ಅವತ್ತಿನವರೆಗೆ ಇವೆಲ್ಲ ನನ್ನ ಸೋಮಾರಿತನದ, ಅಸಡ್ಡೆಯ, ಒಟ್ಟಿನಲ್ಲಿ ನನ್ನ ಕೆಟ್ಟತನದ ಕಥೆಗಳೆಂದೇ ನಾನು ನಂಬಿದ್ದೆ. ಯಾರಾದರೂ ಹೇಳುವ ಮೊದಲು ನಾನೇ ಹೇಳಿ ನಗಿಸಿಬಿಡುವ ಚಾಳಿ ಅಂಟಿದ್ದೂ ಅದಕ್ಕೇ.

ಇದಕ್ಕೊಂದು ಹೆಸರಿದೆ, ನಿನ್ನಲ್ಲೂ ಇದೆ, ಇದು ಬರೀ ಕುಣಿಯುವ ಗಂಡುಮಕ್ಕಳ ತೊಂದರೆಯಲ್ಲ ಎಂದು ಡಾಕ್ಟರು ವಿವರಿಸಿದರು. ಕೆಲವರಲ್ಲಿ ದೇಹ ಸುಮ್ಮನಿರುತ್ತದೆ, ಮನಸ್ಸು ಮಾತ್ರ ಜಿಗಿಯುತ್ತಿರುತ್ತದೆ. ಅಂಥವರು ಯಾರಿಗೂ ಕಾಟ ಕೊಡುವುದಿಲ್ಲ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಹೆಣ್ಣುಮಕ್ಕಳಂತೂ ಬೀಳುವುದೇ ಇಲ್ಲ. ಇದನ್ನೆಲ್ಲ ಎಂ.ಎ.ಯಲ್ಲಿ ಓದಿದ್ದೆ. ಓದುವಾಗ ಧ್ಯಾಸ ಎಲ್ಲಿತ್ತೋ.

ಮನೆಗೆ ಬಂದು ಅತ್ತೆಗೆ ಹೇಳಿದೆ, ನನ್ನದು ಅಸಡ್ಡೆಯಲ್ಲವಂತೆ, ಅದಕ್ಕೊಂದು ಹೆಸರಿದೆಯಂತೆ ಎಂದು. ಅವರು ಸೊಪ್ಪು ಸೋಸುತ್ತಿದ್ದರು. ತಲೆಯೆತ್ತದೆ, "ಹೆಸರ ಇಟ್ಟರ ಹಾಲ ಉಕ್ಕೂದು ನಿಂದ್ರತೈತೇನ?" ಎಂದರು.

ಶಿವಲೀಲಾಳನ್ನು ಮತ್ತೆ ಕರೆತನ್ನಿ ಎಂದು ಮಲ್ಲಪ್ಪನವರಿಗೆ ಫೋನ್ ಮಾಡಿದೆವು. ಬಸುವಿಗೆ ಅಂಥ ತೊಂದರೆಯಿಲ್ಲ, ಆಡಲು ಜಾಗ ಬೇಕು ಅಷ್ಟೇ ಎಂದು ಶಾಲೆಯವರನ್ನೂ ವಿಚಾರಿಸಿ ಡಾಕ್ಟರು ಹೇಳಿಕಳಿಸಿದ್ದರು. ಮಲ್ಲಪ್ಪನವರು ಬರಲಿಲ್ಲ. ಎರಡನೆಯ ಫೋನಿಗೂ ಬರಲಿಲ್ಲ. ಕೊನೆಗೆ ನಾನೇ ಹೋಗುತ್ತೇನೆಂದು ಬನಹಟ್ಟಿಯ ಬಸ್ಸು ಹತ್ತಿದೆ. ಇಳಿಯಬೇಕಾದ ಸ್ಟಾಪು ಬಿಟ್ಟು ಮುಂದೆ ಇಳಿದು, ಆಟೋ ಮಾಡಿಕೊಂಡು ಹಿಂದಕ್ಕೆ ಬಂದೆ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಬನಹಟ್ಟಿಯ ಮಗ್ಗದ ಓಣಿಗಳಲ್ಲಿ ನೀವು ನಡೆದಿದ್ದರೆ ಆ ಸದ್ದು ಗೊತ್ತಿರುತ್ತದೆ. ಎರಡೂ ಬದಿಯ ಮನೆಗಳಿಂದ ಧಡಕ್ ಧಡಕ್. ಅಲ್ಲಿಯವರು ಅದರ ಮೇಲೆಯೇ ಮಾತಾಡುತ್ತಾರೆ, ಅದರೊಳಗೇ ನಿದ್ದೆ ಮಾಡುತ್ತಾರೆ. ನನಗೆ ನನ್ನ ದನಿಯೇ ಕೇಳಿಸಲಿಲ್ಲ. ಮಲ್ಲಪ್ಪನವರು ಮಗ್ಗದ ಮನೆಯಲ್ಲೇ ಕುರ್ಚಿ ಹಾಕಿ ಕೂರಿಸಿದರು. ಅವರ ಹೆಂಡತಿ ಗಂಗವ್ವ ಚಹಾ ತಂದರು. ಮೂಲೆಯಲ್ಲಿ ಶಿವಲೀಲಾ ಕಂಡಿಕೆ ಸುತ್ತುವ ಯಂತ್ರದ ಪಕ್ಕದಲ್ಲಿ ಕುಳಿತಿದ್ದಳು. ನಾನು ಬಂದದ್ದನ್ನು ನೋಡಿ ತಲೆ ತಗ್ಗಿಸಿದಳು.

ನಾನು ಮಲ್ಲಪ್ಪನವರ ಕಿವಿಯ ಹತ್ತಿರ ಬಾಗಿ ಒದರಿ ಒದರಿ ಹೇಳಿದೆ. ಅವಳು ದಡ್ಡಿಯಲ್ಲ, ಗಮನ ನಿಲ್ಲದ ತೊಂದರೆ, ಶಾಲೆ ಬಿಡಿಸಬೇಡಿ, ಡಾಕ್ಟರು ದಾರಿ ತೋರಿಸುತ್ತಾರೆ. ಅವರು ತಾಳ್ಮೆಯಿಂದ ಕೇಳಿದರು. ಕೇಳಿ, ಅಷ್ಟೇ ಗಟ್ಟಿಯಾಗಿ ಉತ್ತರ ಕೊಟ್ಟರು:

"ನಿಮ್ಮ ಮಷೀನ ಉಲ್ಟಾ ಐತ್ರಿ ಅಕ್ಕಾರ. ಮನಿ ಕೆಡವಾವಗ ಏನೂ ಇಲ್ಲಂತೀರಿ. ಒಂದ ಮಾತ ಆಡದಾಕಿಗೆ ಇಲಾಜ ಬೇಕಂತೀರಿ."

ತರ್ಕ ಅವರ ಕಡೆಗಿತ್ತು. ನಾನು ಕಲಿತ ವಿವರಣೆಗಳನ್ನೆಲ್ಲ ಹೇಳಿ ನೋಡಿದೆ. ಮಗ್ಗ ನುಂಗಿತು. ಚಹಾ ಮುಗಿಯಿತು, ಅವರು ಎದ್ದು ನಿಲ್ಲುವ ಸೂಚನೆಯೂ ಕಂಡಿತು. ಬೇರೆ ದಾರಿ ಕಾಣದೆ ಎದೆಯಲ್ಲಿದ್ದ ಗಾಳಿಯನ್ನೆಲ್ಲ ಸೇರಿಸಿ ಕೂಗಿದೆ: "ಮಷೀನ ಖರೆ ಐತ್ರಿ, ನನಗೂ ಹಂಗ ಐತಿ, ನನಗೂ ಧ್ಯಾಸ ನಿಂದ್ರೂದಿಲ್ಲ."

ಸರಿಯಾಗಿ ಆ ಮಾತಿನ ನಡುವೆ ಕರೆಂಟು ಹೋಯಿತು. ನಾಲ್ಕು ಮಗ್ಗ ನಿಂತವು, ಎದುರು ಮನೆಯವು ನಿಂತವು, ಇಡೀ ಓಣಿ ನಿಂತಿತು. ಆ ನಿಶ್ಶಬ್ದದಲ್ಲಿ ನನಗೂ ಧ್ಯಾಸ ನಿಂದ್ರೂದಿಲ್ಲ ಎಂಬುದು ಮಾತ್ರ ಡಂಗುರದಂತೆ ಹೊರಗೆ ಹೋಯಿತು. ಎದುರಿನ ಕಟ್ಟೆಯ ಮೇಲಿದ್ದ ಹೆಂಗಸರು ತಿರುಗಿ ನೋಡಿದರು. ಯಾರೋ ಕಿಸಕ್ಕನೆ ನಕ್ಕರು. ಮನಶ್ಶಾಸ್ತ್ರದ ಎಂ.ಎ., ದವಾಖಾನೆಯ ಮೇಡಮ್ಮು, ಇಸ್ತ್ರಿ ಮಾಡಿದ ಸೀರೆ, ಮೂಗಿನ ತುದಿಯ ಕನ್ನಡಕ, ಎಲ್ಲವೂ ಆ ಓಣಿಯ ಧೂಳಿನಲ್ಲಿ ಕುಳಿತವು.

ಕಂಡಿಕೆಯ ಮುಂದಿದ್ದ ಶಿವಲೀಲಾ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದಳು.

ಮಲ್ಲಪ್ಪನವರು ಈಗ ದನಿ ತಗ್ಗಿಸಿ, ನಿಜವಾದ ಕುತೂಹಲದಿಂದ ಕೇಳಿದರು. "ಹಂಗಿದ್ದೂ ಎಂ.ಎ. ಮಾಡೀರಿ?"

"ಮಾಡೇನ್ರಿ. ಹಾಲ್ ಟಿಕೆಟ್ ಮರತು, ಪೆನ್ನ ಮರತು, ಒಮ್ಮೆ ಬ್ಯಾರೆ ಕಾಲೇಜಿಗೆ ಹೋಗಿ ಕುಂತು, ಹಂಗ ಹಿಂಗ ಮಾಡೇನಿ."

"ನೌಕರೀನೂ ಮಾಡಾಕತ್ತೀರಿ."

"ಮಾಡಾಕತ್ತೇನ್ರಿ. ಇವತ್ತ ಇಳಿಯೂ ಸ್ಟಾಪ ಬಿಟ್ಟ ಮುಂದ ಹೋಗಿದ್ದೆ."

ಗಂಗವ್ವ ಬಾಯಿಗೆ ಸೆರಗು ಹಿಡಿದು ನಕ್ಕರು. ನಗು ನಿಂತ ಮೇಲೆ ಗಂಡನ ಕಡೆ ತಿರುಗಿ ಮೆಲ್ಲಗೆ ಹೇಳಿದರು. "ಈ ಅಕ್ಕಾರು ಇಷ್ಟ ಓದ್ಯಾರಂದ್ರ ನಮ್ಮಾಕಿ ಯಾಕ ಓದಬಾರದು? ಕರಕೊಂಡ ಹೋಗೂಣು."

ನಾನು ಕಲಿತ ವಿದ್ಯೆ ಮಾಡದ ಕೆಲಸವನ್ನು ನನ್ನ ಪೆದ್ದುತನ ಮಾಡಿತ್ತು. ಅದನ್ನು ಯಾವ ಮುಖದಿಂದ ಮೆಚ್ಚಿಕೊಳ್ಳುವುದು?

ಅವರು ಬಂದರು. ಡಾಕ್ಟರು ಶಿವಲೀಲಾಳ ಜೊತೆ, ಅವಳ ಶಿಕ್ಷಕಿಯ ಜೊತೆ ಹಲವು ಸಲ ಮಾತಾಡಿ, ತೊಂದರೆ ಅದೇ ಎಂದು ಖಚಿತ ಮಾಡಿಕೊಂಡರು. ಕೆಲವು ಕಾಲ ಗುಳಿಗೆ ಕೊಟ್ಟರು. ಮುಂದಿನ ಸಾಲಿನಲ್ಲಿ ಕೂರಿಸುವುದು, ಲೆಕ್ಕವನ್ನು ತುಂಡು ತುಂಡಾಗಿ ಕೊಡುವುದು, ನಡುವೆ ಎದ್ದು ಓಡಾಡಲು ಬಿಡುವುದು, ಏನಾದರೂ ಹೇಳುವ ಮೊದಲು ಹೆಸರು ಹಿಡಿದು ಕರೆದು, ಅವಳು ನೋಡಿದ ಮೇಲೆ ಹೇಳುವುದು, ಇವನ್ನು ಶಾಲೆಯವರಿಗೂ ಮನೆಯವರಿಗೂ ಕಲಿಸಿಕೊಟ್ಟರು. ಇದನ್ನೆಲ್ಲ ನಾನು ಮನೆಯಲ್ಲಿ ಅತ್ತೆಯ ಮುಂದೆ ಹರಟಿದ್ದೆ. ಸ್ವಲ್ಪ ದಿನಕ್ಕೆ ಗಮನಿಸಿದೆ, ನನ್ನ ಸ್ವಲ್ಪ ದಿನವೆಂದರೆ ಬಹಳ ದಿನ, ಅತ್ತೆ ಅಡುಗೆಮನೆಯಿಂದ ಕೂಗಿ ಹೇಳುವುದನ್ನು ಬಿಟ್ಟಿದ್ದರು. ಹತ್ತಿರ ಬಂದು, ಭುಜ ಮುಟ್ಟಿ, ನಾನು ತಿರುಗಿದ ಮೇಲೆ ಹೇಳುತ್ತಿದ್ದರು. ಬೈಯುವುದನ್ನೇನೂ ನಿಲ್ಲಿಸಲಿಲ್ಲ. ಭುಜ ಮುಟ್ಟಿ ಬೈಯುತ್ತಿದ್ದರು.

ಶಿವಲೀಲಾ ಏಳನೆಯದನ್ನು ದಾಟಿದಳು. ಹತ್ತನೆಯದನ್ನೂ ದಾಟಿದಳು. ಮೊದಲ ದರ್ಜೆಯೇನಲ್ಲ, ಗಣಿತ ಅವಳನ್ನು ಬಹಳ ಆಟ ಆಡಿಸಿತು. ಆಮೇಲೆ ಅವರು ದವಾಖಾನೆಗೆ ಬರುವುದು ಕಡಿಮೆಯಾಗಿ, ನಿಂತೂ ಹೋಯಿತು.

ಒಲೆ ಉಜ್ಜುತ್ತ ಇಷ್ಟೆಲ್ಲ ನೆನೆದುಕೊಂಡು, ಇವತ್ತು ಸಂಜೆ ಜಮಖಂಡಿಯ ಬಸ್ ನಿಲ್ದಾಣಕ್ಕೆ ಹೋದೆ. ತವರೂರು ಅನಗವಾಡಿಗೆ ಹೋಗಿದ್ದ ಅತ್ತೆ ಬೀಳಗಿಯ ಬಸ್ಸಿಗೆ ವಾಪಸ್ ಬರುವವರಿದ್ದರು. ಬೆಂಚಿನ ಮೇಲೆ ಕುಳಿತಿದ್ದ ಹುಡುಗಿಯೊಬ್ಬಳು ಎದ್ದು ಬಂದು, ಗುರುತು ಸಿಕ್ಕಿತೇ ಎಂದು ಕೇಳಿದಳು. ಸಿಕ್ಕಿರಲಿಲ್ಲ. ಹೆಸರು ಹೇಳಿದಳು. ಇಲ್ಲಿಯೇ ಡಿಗ್ರಿ ಕೊನೆಯ ವರ್ಷ, ದಿನಾ ಬನಹಟ್ಟಿಯಿಂದ ಓಡಾಡುತ್ತಾಳಂತೆ. ಹಿಂದಿನ ಒಂದು ವಿಷಯ ಇನ್ನೂ ಉಳಿದಿದೆಯಂತೆ. ಮುಂದೆ ಕೂರಿಸಿ ಎಂದು ಪ್ರಾಧ್ಯಾಪಕರಿಗೆ ತಾನೇ ಹೋಗಿ ಹೇಳಿದ್ದಾಳಂತೆ. ಬಸು ಈಗ ಅಪ್ಪನ ಜೊತೆ ನೂಲಿನ ವ್ಯವಹಾರಕ್ಕೆ ಓಡಾಡುತ್ತಾನಂತೆ, ಬಾಯಿ ಮಾತ್ರ ಇನ್ನೂ ನಿಂತಿಲ್ಲವಂತೆ.

ನಾನು ಎಂದಿನಂತೆ ನನ್ನನ್ನೇ ನಗೆಗೀಡು ಮಾಡಿಕೊಳ್ಳಲು, ನಿಮ್ಮ ಓಣಿಯಲ್ಲಿ ಆ ದಿನ ನನ್ನ ಮಾನ ಹೋಯಿತು ಎಂದೆ. ಅವಳು ನಗಲಿಲ್ಲ.

"ಅಕ್ಕಾರ, ಅಲ್ಲೀತನಕ ನಾ ಒಬ್ಬಾಕಿನ ಹಿಂಗದೇನಿ ಅಂತ ತಿಳಕೊಂಡಿದ್ದೆ," ಎಂದಳು. "ನೀವು ಹಂಗಂದ ಮ್ಯಾಲೆ ನನಗ ಅವತ್ತ ನಿದ್ದಿ ಛಲೋ ಬಂತು."

ಎಷ್ಟೋ ವರ್ಷದಿಂದ ನನ್ನ ಬಗ್ಗೆ ನಾನೇ ಜೋಕು ಹೇಳಿಕೊಂಡು ಬಂದಿದ್ದೇನೆ. ಅದಕ್ಕೆ ಈ ಉಪಯೋಗವೂ ಇದ್ದೀತೆಂದು ತಿಳಿದಿರಲಿಲ್ಲ. ಅವಳು ಬೇರೆ ಮಾತೆತ್ತಿದಳು. ಡಿಗ್ರಿ ಮುಗಿದ ಮೇಲೆ ಏನು ಮಾಡಬೇಕೆಂದಿದ್ದಾಳೆ, ಯಾವುದಕ್ಕೆ ಹೆದರುತ್ತಾಳೆ, ಓದುವಾಗ ಯಾವ ಹೊತ್ತಿಗೆ ಮನಸ್ಸು ಜಾರುತ್ತದೆ, ಜಾರಿದ್ದನ್ನು ಹೇಗೆ ಎಳೆದು ತರುತ್ತಾಳೆ. ನಾನು ಕೇಳಿದೆ. ನನ್ನವೂ ಹೇಳಿದೆ. ನಿಲ್ದಾಣದಲ್ಲಿ ಎಷ್ಟು ಜನ ಬಂದರೋ, ಯಾವ ಬಸ್ಸಿನ ಹೆಸರು ಕೂಗಿದರೋ ಒಂದೂ ಕಿವಿಗೆ ಬೀಳಲಿಲ್ಲ.

ಯಾವಾಗಲೋ ತಿರುಗಿ ನೋಡಿದರೆ ಪಕ್ಕದ ಬೆಂಚಿನ ಮೇಲೆ ಅತ್ತೆ ಕುಳಿತಿದ್ದರು. ಕಾಲ ಬಳಿ ಚೀಲ, ಕೈಯಲ್ಲಿ ಅರ್ಧ ತಿಂದ ಪೇರಲಹಣ್ಣು. ಬಂದು ಎಷ್ಟು ಹೊತ್ತಾಯಿತೋ ಏನೋ. ಗಾಬರಿಯಾಗಿ ಎದ್ದೆ. ಬೈಗುಳಕ್ಕೆ ತಲೆಯನ್ನೂ ತಗ್ಗಿಸಿದೆ.

"ನನ್ನ ಗಾಡಿ ಬಂತು, ಬನಹಟ್ಟಿ ಗಾಡಿ ಹೋತು. ಇಬ್ಬರಿಗೂ ಖಬರ ಇಲ್ಲ," ಎಂದರು ಅತ್ತೆ. ಹಣ್ಣನ್ನು ಇನ್ನೊಮ್ಮೆ ಕಚ್ಚಿದರು. ಶಿವಲೀಲಾಳ ಮುಖವನ್ನೂ ನನ್ನ ಮುಖವನ್ನೂ ನೋಡಿದರು. "ಕುಂದ್ರವಾ, ಕುಂದ್ರ. ಮಾತ ಮುಗಸ್ರಿ. ನನಗೇನ ಅವಸರ ಐತಿ."

ನಾನು ಕುಳಿತೆ.